ಬಸುರಿ ಬಿ.ಪಿ. ಹೆರಿಗೆಗೇ ಮುಗಿಯಿತೆ?

ಪ್ರಶ್ನೆ: ನನಗೆ 29 ವರ್ಷ. ಎಂಟನೇ ತಿಂಗಳಲ್ಲಿ ಬಿ.ಪಿ. ಏರಿ, ಮುಖ-ಕೈಕಾಲು ಊದಿಕೊಂಡು, ಮಂಡ್ಯದಲ್ಲಿ ಸಿಸೇರಿಯನ್ ಆಯಿತು. ಮಗಳಿಗೀಗ ಎರಡು ವರ್ಷ. ಬಾಣಂತನದಲ್ಲೇ ಮಾತ್ರೆ ನಿಂತಿತು. ಈಚೆಗೆ ಆಶಾ ಅಕ್ಕ, ‘ಮುಂದೆ ಹಾರ್ಟಿಗೆ ತೊಂದರೆ ಆಗಬಹುದು, ಚೆಕ್ ಮಾಡಿಸ್ಕೊ’ ಅಂದರು. ಅತ್ತೆ, ‘ಅದು ಹೆರಿಗೆಗೇ ಹೋಯ್ತು, ಸುಮ್ನೆ ಹೆದರಿಸ್ತಾರೆ’ ಅಂತಾರೆ. ಯಾರನ್ನು ನಂಬಲಿ?
– ಹೆಸರು ಬೇಡ, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಅತ್ತೆಯವರದು ಅರ್ಧ ನಿಜ. ಹೆಚ್ಚಿನವರಿಗೆ ಹೆರಿಗೆಯಾಗಿ ಕೆಲವು ವಾರಗಳಲ್ಲಿ ಬಿ.ಪಿ. ಇಳಿಯುತ್ತದೆ. ಉಳಿದರ್ಧ ಆಶಾ ಅಕ್ಕ ಹೇಳಿದ್ದು. ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಬಸುರಿಯರ ಬಿ.ಪಿ.ಯನ್ನು ಆಶಾ ಕಾರ್ಯಕರ್ತೆಯರೇ ಅಳೆದ ದೊಡ್ಡ ಅಧ್ಯಯನವೇ ನಡೆದಿದೆ. ಅವರ ಮಾತನ್ನು ಹಗುರ ಮಾಡಬೇಡಿ.

20 ವಾರ ಕಳೆದ ಮೇಲೆ ಬಿ.ಪಿ. 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅದು ಪ್ರೀ-ಎಕ್ಲಾಂಪ್ಸಿಯ. ಅದು ಬಂದುಹೋದವರಿಗೆ ಮುಂದೆ ಹೃದ್ರೋಗ, ಲಕ್ವದ ಸಂಭವ ಉಳಿದ ತಾಯಂದಿರಿಗಿಂತ ಸುಮಾರು ಎರಡು ಪಟ್ಟು. ಹಾಗೆಂದು ಎದೆ ಒಡೆದುಕೊಳ್ಳಬೇಡಿ, ನಿಮ್ಮ ವಯಸ್ಸಿಗೆ ಆ ಸಂಭವವೇ ತೀರಾ ಕಡಿಮೆ. ಬಿ.ಪಿ. ಮಾತ್ರ ಮೂವತ್ತು-ನಲವತ್ತರಲ್ಲೇ ಯಾವ ಲಕ್ಷಣವೂ ತೋರದೆ ಮರಳಬಹುದು.

ಮೊದಲು ತಾಯಿ ಕಾರ್ಡ್ ಹುಡುಕಿ. ಮಗುವಿನ ಚುಚ್ಚುಮದ್ದು ಮುಗಿಯುವ ತನಕ ಜೋಪಾನ, ಆಮೇಲೆ ಬೀರುವಿನ ತಳ, ಇದು ನಮ್ಮ ಮನೆಗಳ ಪದ್ಧತಿ. ಅದರಲ್ಲಿ ಬರೆದಿರುವ ಬಿ.ಪಿ. ಅಂಕಿ, ಮೂತ್ರ ಪರೀಕ್ಷೆಯ ಮುಂದಿನ ಪ್ಲಸ್ ಗುರುತು ನಿಮ್ಮ ಹೃದಯದ ಜಾತಕ. ಡಿಸ್ಚಾರ್ಜ್ ಚೀಟಿಯನ್ನೂ ಜೊತೆಗಿಟ್ಟುಕೊಂಡು ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಿ. ಎಷ್ಟೋ ಸಲ ಅವರು ಕೇಳುವುದಿಲ್ಲ, ನೀವೇ ಹೇಳಬೇಕು.

ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ. ಸಕ್ಕರೆ, ಕೊಲೆಸ್ಟ್ರಾಲ್ ಎಷ್ಟು ದಿನಕ್ಕೊಮ್ಮೆ ಎಂದು ವೈದ್ಯರನ್ನು ಕೇಳಿ. ತಾಲ್ಲೂಕು ಆಸ್ಪತ್ರೆ ಸಾಕು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದ ಓದುಗರಿಗೂ ಇದೇ ಮಾತು. ಬಸ್ಸಿಳಿದು ಓಡಿಬಂದು ತೋಳು ಚಾಚಬೇಡಿ, ಐದು ನಿಮಿಷ ಕೂತು ಸುಧಾರಿಸಿಕೊಳ್ಳಿ. ಮುದ್ದೆ, ಸೊಪ್ಪಿನ ಸಾರು ಬಿಡಬೇಕಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ. ದಿನದ ಉಪ್ಪು ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟದಿರಲಿ.

ಎರಡನೇ ಮಗು ಬೇಕೆನಿಸಿದರೆ ಬಸುರಾಗುವ ಮೊದಲೇ ವೈದ್ಯರನ್ನು ಕಾಣಿ. ಕೆಲವು ಬಿ.ಪಿ. ಮಾತ್ರೆ ಬಸುರಿಯರಿಗೆ ಆಗದು. ಮೂರು ತಿಂಗಳು ತುಂಬುವ ಹೊತ್ತಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುವಾದರೆ ಪ್ರೀ-ಎಕ್ಲಾಂಪ್ಸಿಯ ಮರಳುವ ಸಾಧ್ಯತೆ ತಗ್ಗುತ್ತದೆ. ಅದನ್ನು ಬರೆದುಕೊಡಬೇಕಾದವರು ವೈದ್ಯರು, ಮೆಡಿಕಲ್ ಶಾಪಿನವರಲ್ಲ.

ಆಸ್ಪತ್ರೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಬಿ.ಪಿ.ಯನ್ನೂ ನೋಡಿಸಿ.