ಹೊಗೆ ಒಡಲಿಗೂ ಇಳಿಯುತ್ತದೆ, ತಂಗೀ

ತಂಗೀ, ಮುಂದಿನ ವಾರ ನಿನ್ನ ಕುಬಸ. ಹಸಿರು ಬಳೆ ಇಡಿಸಿ ಹರಸಲು ಜವಳಗೇರಾಕ್ಕೆ ನಾನೂ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ಬಸುರಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಊರೆಲ್ಲ ನಿನಗೆ ಹೇಳಿರುತ್ತದೆ. ಎಂಥ ಗಾಳಿ ಉಸಿರಾಡಬೇಕು ಎಂದು ಯಾರೂ ಹೇಳಿರಲಿಕ್ಕಿಲ್ಲ.

ನಾನು ಎರಡು ಜೀವದಾಕೆಯಾಗಿದ್ದಾಗ ಹತ್ತಿಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ಊದುಗೊಳವಿ ಹಿಡಿದು ಕೂತವಳು. ಕಣ್ಣು ಉರಿಯುತ್ತವೆ ಎಂದರೆ ‘ಹೊಗೆಗೆ ಯಾರು ಸತ್ತಾರ?’ ಎನ್ನುತ್ತಿದ್ದರು ಹಿರಿಯರು. ನನ್ನ ಚೊಚ್ಚಲ ಕೂಸು ಎರಡು ಕೆಜಿಯೂ ತೂಗಲಿಲ್ಲ. ಹೊಗೆಯೊಂದೇ ಕಾರಣ ಎನ್ನಲಾರೆ. ಮೈಯಲ್ಲಿ ರಕ್ತ ಕಡಿಮೆ ಇತ್ತು, ಕೂಲಿಯೂ ತಪ್ಪಿರಲಿಲ್ಲ. ಆದರೆ ಇಂದು ತಿಳಿದದ್ದು ಅಂದೇ ತಿಳಿದಿದ್ದರೆ ಆ ಒಲೆಯ ಮುಂದಿನಿಂದ ಎದ್ದುಬಿಡುತ್ತಿದ್ದೆ.

ಹೊಗೆಯ ಅತಿ ಸಣ್ಣ ಕಣಗಳು ಕೂದಲೆಳೆಯ ಮೂವತ್ತನೇ ಒಂದು ಪಾಲಿಗಿಂತ ಕಿರಿದು. ಅವು ಶ್ವಾಸಕೋಶ ದಾಟಿ ರಕ್ತಕ್ಕಿಳಿಯುತ್ತವೆ. 2019ರಲ್ಲಿ ಬೆಲ್ಜಿಯಂನ ಹ್ಯಾಸೆಲ್ಟ್ ವಿಶ್ವವಿದ್ಯಾಲಯದವರು ಮಾಸನ್ನು ಪರೀಕ್ಷಿಸಿದಾಗ, ಕೂಸಿನ ಕಡೆಯ ಮಗ್ಗುಲಲ್ಲೇ ಮಸಿಯ ಕಣಗಳು ಕಂಡವು. 2022ರಲ್ಲಿ ಗರ್ಭದ ಶಿಶುವಿನ ಮಿದುಳು, ಶ್ವಾಸಕೋಶಗಳಲ್ಲೂ ಕಂಡವು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ರಕ್ತಹೀನತೆ ಇದ್ದವರಿಗೆ ಅದು ಗಾಯದ ಮೇಲೆ ಬರೆ. ಹೀಗಾಗಿ 37 ವಾರ ತುಂಬುವ ಮೊದಲೇ ಹೆರಿಗೆಯಾಗುವ, ಕೂಸು ಎರಡೂವರೆ ಕೆಜಿಗಿಂತ ಕಡಿಮೆ ತೂಗುವ ಅಪಾಯ ಹೆಚ್ಚುತ್ತದೆ.

ಹೆದರಿಸಲು ಹೇಳಿದ್ದಲ್ಲ, ತಂಗೀ. ತಪ್ಪಿಸಲು ದಾರಿಯಿದೆ. ಗ್ಯಾಸ್ ಇದ್ದರೂ ಚಹಾಕ್ಕಷ್ಟೇ ಹಚ್ಚಿ, ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಹಚ್ಚಬೇಡ. ಹಚ್ಚಲೇಬೇಕಾದರೆ ಒಲೆ ಅಂಗಳದಲ್ಲಿರಲಿ, ಮುಂದೆ ಬೇರೆಯವರು ಕೂರಲಿ. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟು. ಮನೆಯೊಳಗೆ ಬೀಡಿ ಬೇಡ. ಕಾಲುವೆ ನೀರಿನ ನೆಲ್ಲು ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಡುವವರಿದ್ದಾರೆ. ಚಳಿಗಾಲದ ಸಂಜೆ ಆ ಹೊಗೆ ಮೇಲೇರದೆ ಊರಿನ ಮೇಲೇ ಕವಿಯುತ್ತದೆ. ಅಂಥ ಹೊತ್ತಿನಲ್ಲಿ ಒಳಗಿರು, ಹೊಗೆ ಬರುವ ಕಡೆಯ ಕಿಟಕಿ ಮುಚ್ಚು. ಕಬ್ಬಿಣಾಂಶದ ಮಾತ್ರೆ ಬಿಡಬೇಡ. ಪ್ರತಿ ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ತಪ್ಪದೆ ಹೋಗು. ಉಸಿರು ಕಟ್ಟಿದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಆ ದಿನಕ್ಕೆ ಕಾಯದೆ ಕೂಡಲೇ ಹೊರಡು.

ಹಡೆದ ಮೇಲೂ ಈ ಮಾತು ಮರೆಯಬೇಡ. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಬಾಗಿಲು ಮುಚ್ಚುವುದು, ಎಳೆಗೂಸಿಗೆ ಲೋಬಾನದ ಹೊಗೆ ಹಿಡಿಯುವುದು ನಮ್ಮ ಕಡೆ ಪ್ರೀತಿಯಿಂದಲೇ ನಡೆದುಬಂದದ್ದು. ಆದರೆ ಕೂಸಿಗೆ ಬೇಕಾದ ಬಿಸುಪು ನಿನ್ನ ಮೈಯಲ್ಲಿದೆ, ಮೆತ್ತನೆ ದುಪಟಿಯಲ್ಲಿದೆ. ಹೊಗೆ ಬೇಡ.

ಇಷ್ಟನ್ನೂ ನೀನೊಬ್ಬಳೇ ಮಾಡಲಾರೆ ಎಂದು ನನಗೆ ಗೊತ್ತು. ಕುಬಸದ ದಿನ ನಿನ್ನ ಅತ್ತೆಯವರ ಪಕ್ಕ ಕೂತು ಒಲೆಯ ಮಾತು ಆಡುತ್ತೇನೆ; ನಿನ್ನ ಗಂಡನಿಗೆ ಹೊಲದ ಬೆಂಕಿಯ ಮಾತು ಹೇಳುತ್ತೇನೆ. ಈ ಸಲ ಸೀರೆ ತರುವುದಿಲ್ಲ, ಬೇಸರಪಡಬೇಡ. ಎರಡು ಸಿಲಿಂಡರಿನ ದುಡ್ಡನ್ನು ಅಕ್ಕಿ, ಕೊಬ್ಬರಿಯ ಜೊತೆ ನಿನ್ನ ಉಡಿಗೆ ಹಾಕುತ್ತೇನೆ.