ಬಚ್ಚಲುಮನೆಯ ಬೂಷ್ಟು: ಮರುಕಳಿಸುವ ಕಾರಣ ಮತ್ತು ನಿವಾರಣೆ

ಅಧ್ಯಯನ ಪಾಠ: ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ



ಶಾಲೆ, ಅಂಗನವಾಡಿ ಮತ್ತು ವಿದ್ಯಾರ್ಥಿನಿಲಯಗಳ ಬಚ್ಚಲುಮನೆಗೆ ಬೇಸಿಗೆಯಲ್ಲಿ ಬಳಿದ ಬಣ್ಣವು ಶ್ರಾವಣ ಕಳೆಯುವಷ್ಟರಲ್ಲಿ ಮತ್ತೆ ಕಪ್ಪಾಗುವುದುಂಟು. ತೇವದ ಮೂಲವನ್ನು ತಡೆಯದೆ ಬಣ್ಣ ಬಳಿದರೆ ಹಣ ವ್ಯರ್ಥವಾಗುವುದಲ್ಲದೆ ಮಕ್ಕಳ ಕೆಮ್ಮೂ ಮುಂದುವರಿಯಬಹುದು.

1. ತೇವದ ಮೂಲ

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಒದ್ದೆ ಮೇಲ್ಮೈ ದೊರೆತರೆ ಒಂದೆರಡು ದಿನಗಳಲ್ಲಿಯೇ ಬೆಳೆಯತೊಡಗುತ್ತವೆ. ನಮ್ಮ ಭಾಗದ ಜಂಬಿಟ್ಟಿಗೆ ಕಲ್ಲು ರಂಧ್ರಮಯವಾಗಿದ್ದು ನೀರನ್ನು ಹೀರುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಹಾಗೂ ಎಣ್ಣೆಬಣ್ಣ ಹಚ್ಚಿದರೆ ಒಳಸೇರಿದ ನೀರು ಆರುವುದಿಲ್ಲ. ಸುಣ್ಣ ಬಳಿದ ಗೋಡೆ ಬೇಗ ಆರುತ್ತದೆ. ಸುಣ್ಣದ ಕ್ಷಾರಗುಣವೂ ಬೂಷ್ಟಿಗೆ ಒಗ್ಗದು.

ಮೂಲವನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿನಲ್ಲಿಯೂ ಗೋಡೆ ಹಸಿಯಾಗಿದ್ದರೆ ಕೊಳವೆ, ನಲ್ಲಿ ಅಥವಾ ಮೇಲಿನ ಟ್ಯಾಂಕು ಸೋರುತ್ತಿರುವ ಸಂಭವ ಹೆಚ್ಚು. ಮಳೆಗಾಲದಲ್ಲಿ ಮಾತ್ರ ಕಲೆ ಕಂಡರೆ ಛಾವಣಿಯ ಬಿರುಕು ಅಥವಾ ಮುಚ್ಚಿದ ಗವಾಕ್ಷಿಯನ್ನು ಪರಿಶೀಲಿಸಬೇಕು.

2. ಆರೋಗ್ಯದ ಮೇಲಿನ ಪರಿಣಾಮ

ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ತೇವ ಮತ್ತು ಬೂಷ್ಟಿರುವ ಕಟ್ಟಡಗಳಿಗೂ ಕೆಮ್ಮು, ಉಬ್ಬಸ, ಆಸ್ತಮಾಗಳಿಗೂ ಸಂಬಂಧವಿರುವುದನ್ನು ತಿಳಿಸುತ್ತದೆ. ಇಷ್ಟು ಪ್ರಮಾಣದ ಬೂಷ್ಟು ಸುರಕ್ಷಿತವೆಂಬ ಮಿತಿಯನ್ನು ಅದು ನಿಗದಿಪಡಿಸಿಲ್ಲ. ಆದ್ದರಿಂದ ಪ್ರಯೋಗಾಲಯದ ವರದಿಗೆ ಕಾಯಬೇಕಾಗಿಲ್ಲ. ಕಣ್ಣಿಗೆ ಕಂಡರೆ ಅಥವಾ ಮುಗ್ಗಲು ವಾಸನೆ ಬಂದರೆ ಕ್ರಮಕ್ಕೆ ಅದೇ ಸಾಕು.

2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ "ಕಪ್ಪು ಶಿಲೀಂಧ್ರ" ರೋಗವು ಬೇರೆ ಜಾತಿಯ ಶಿಲೀಂಧ್ರದಿಂದ ಬರುವಂಥದ್ದು. ಗೋಡೆಯ ಕಪ್ಪು ಕಲೆಯನ್ನು ಅದೆಂದು ತಿಳಿದು ಭಯಪಡಬಾರದು. ಹಾಗೆಯೇ, ಎರಡು ವಾರ ಮೀರಿದ ಕೆಮ್ಮನ್ನು ಬೂಷ್ಟಿನದೆಂದು ಕಡೆಗಣಿಸದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಬೇಕು.

3. ಶುಚಿಗೊಳಿಸುವ ಕ್ರಮ

ಅ) ಬಾಗಿಲು, ಗವಾಕ್ಷಿ ತೆರೆದು, ಮುಖಗವಸು ಮತ್ತು ಕೈಗವಸು ಧರಿಸಬೇಕು. ಆಸ್ತಮಾ ಉಳ್ಳವರಿಗೆ ಈ ಕೆಲಸ ವಹಿಸಬಾರದು.
ಆ) ಒಣ ಬೂಷ್ಟನ್ನು ಕೆರೆಯಬಾರದು, ಬೀಜಕಣಗಳು ಹಾರುತ್ತವೆ. ಒದ್ದೆ ಮಾಡಿ, ಸಾಬೂನು ನೀರಿನಿಂದ ಉಜ್ಜಿ, ಪೂರ್ಣವಾಗಿ ಒಣಗಿಸಬೇಕು.
ಇ) ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ಪ್ರಾಣಾಪಾಯಕಾರಿ. ಸ್ವಚ್ಛತಾ ಸಿಬ್ಬಂದಿಗೆ ಇದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು.

4. ಪಂಚಾಯತಿಯ ಹೊಣೆ

ಅಂದಾಜುಪಟ್ಟಿಯಲ್ಲಿ ಮೊದಲು ಸೋರಿಕೆ ತಡೆ, ನಂತರ ನೆಲದ ಇಳಿಜಾರು ಹಾಗೂ ಗವಾಕ್ಷಿ, ಕೊನೆಯಲ್ಲಿ ಸುಣ್ಣಬಣ್ಣ ಎಂಬ ಅನುಕ್ರಮವಿರಲಿ. ಮೇ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಸದಸ್ಯರು ತಮ್ಮ ವಾರ್ಡಿನ ಸಾರ್ವಜನಿಕ ಕಟ್ಟಡಗಳನ್ನು ಖುದ್ದಾಗಿ ನೋಡುವುದು ಒಳಿತು. ಮನೆಗಳಲ್ಲಿ ಸ್ನಾನದ ನಂತರ ನೆಲದ ನೀರನ್ನು ತಳ್ಳಿ ಗವಾಕ್ಷಿ ತೆರೆದಿಡುವಂತೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿವಳಿಕೆ ನೀಡಬಹುದು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಪಂಚಾಯತಿಯಲ್ಲಿ ಬಣ್ಣ ಬಳಿದ ನಂತರವೂ ಬೂಷ್ಟು ಮರಳಿದ ಕಟ್ಟಡಗಳು ಯಾವುವು?
2. ಅಲ್ಲಿ ತೇವ ಬರುತ್ತಿರುವುದು ಎಲ್ಲಿಂದ? ಅದನ್ನು ಯಾರು, ಯಾವ ದಿನಾಂಕದೊಳಗೆ ಸರಿಪಡಿಸುವರು?