ದಿನದ ಚಿಂತನೆ: ಮಿಕ್ಕ ಅನ್ನ, ಮೊದಲ ಅಳತೆ



ಕೋಸಲದ ರಾಜ ಪಸೇನದಿ ಒಮ್ಮೆ ಕೊಳಗಗಟ್ಟಲೆ ಅನ್ನ ಉಂಡು, ಏದುಸಿರು ಬಿಡುತ್ತಾ ಭಗವಾನ್ ಬುದ್ಧರ ಬಳಿ ಬಂದು ಕುಳಿತ. ಬುದ್ಧರು ಬೈಯಲಿಲ್ಲ, ಉಪವಾಸ ಮಾಡು ಎನ್ನಲೂ ಇಲ್ಲ. ಅಳತೆ ಅರಿತು ಉಣ್ಣುವುದರ ಬಗ್ಗೆ ಒಂದು ಗಾಥೆ ಹೇಳಿದರು. ಹಿಂದೆ ನಿಂತಿದ್ದ ಸುದಸ್ಸನನೆಂಬ ತರುಣ ಅದನ್ನು ಕಲಿತು, ದಿನವೂ ರಾಜನ ಊಟದ ಹೊತ್ತಿಗೆ ಹೇಳತೊಡಗಿದ. ಬರಬರುತ್ತಾ ರಾಜನ ಊಟ ಒಂದು ನಾಳಿ ಅನ್ನಕ್ಕೆ ಇಳಿಯಿತು. ಸಂಯುತ್ತ ನಿಕಾಯದ ಕಥೆ ಇದು. ಈ ಗುಣಕ್ಕೆ ಪಾಲಿಯಲ್ಲಿ ‘ಭೋಜನೇ ಮತ್ತಞ್ಞುತಾ’ ಎನ್ನುತ್ತಾರೆ, ಊಟದಲ್ಲಿ ಅಳತೆ ಗೊತ್ತಿರುವುದು.

ಈ ಕಥೆ ನೆನಪಾಗಲು ಕಾರಣ ಹೋದ ವರ್ಷದ ಏಪ್ರಿಲ್ 14. ನಮ್ಮ ಬಡಾವಣೆಯ ಜಯಂತಿ ಊಟದಲ್ಲಿ ಎರಡು ಹಂಡೆ ಅನ್ನ ಮಿಕ್ಕಿತು. ಸಂಜೆ ನಾಲ್ಕು ಗಂಟೆ, ಬಿರುಬೇಸಿಗೆ. ‘ಕೊಳೆಗೇರಿಗೆ ಹಂಚಿಬಿಡೋಣ’ ಎಂದೆ ನಾನು. ಪಾತ್ರೆ ತೊಳೆಯುತ್ತಿದ್ದ ಅಜ್ಜಿಯೊಬ್ಬರು ತಲೆಯೆತ್ತಿ, ‘ನಮ್ಮವ್ವ ದೊಡ್ಡಮನೆ ಹಿತ್ಲಲ್ಲಿ ಸೆರಗೊಡ್ಡಿ ಇಂಥದ್ದನ್ನೇ ತಂದು ನಮ್ಮನ್ನ ಸಾಕಿದ್ದು. ಈಗ ನೀವೇ ದೊಡ್ಡಮನೆಯವರಾಗ್ಬುಟ್ರಾ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಅನ್ನ ಹಳಸಿ ಗುಂಡಿಗೆ ಹೋಯಿತು.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಜನಕ್ಕೆ ಕೆರೆಯ ನೀರಿನ ಹಕ್ಕಿನ ಜೊತೆಗೇ, ಬೇರೆಯವರು ಬಿಸಾಡಿದ ತುಣುಕು ತಿನ್ನುವುದನ್ನು ಬಿಡಲು ಹೇಳಿದ್ದರು. ಅದನ್ನು ಓದಿಕೊಂಡೇ ಬೆಳೆದ ನಾನು ಹಳಸುತ್ತಿದ್ದ ಅನ್ನವನ್ನು ದಾನ ಎಂದುಕೊಂಡಿದ್ದೆ. ಹಂಚಬೇಕೆಂದಿದ್ದರೆ ಆ ಮನೆಗಳವರನ್ನು ಮಧ್ಯಾಹ್ನವೇ ಕರೆದು ಒಂದೇ ಸಾಲಿನಲ್ಲಿ ಕೂರಿಸಬೇಕಿತ್ತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ 60 ಭಾಗ ಹೋಟೆಲಿನದ್ದಲ್ಲ, ಅಂಗಡಿಯದ್ದಲ್ಲ, ಮನೆಗಳದ್ದು. ಭಾರತದ ಮನೆಗಳ ಲೆಕ್ಕ ತಲೆಗೆ ವರ್ಷಕ್ಕೆ 55 ಕೆಜಿ. ಕಸದ ರಾಶಿಯಡಿ ಗಾಳಿಯಾಡದೆ ಕೊಳೆತ ಅನ್ನದಿಂದ ಮೀಥೇನ್ ಹೊರಡುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಜೋರು. ಇನ್ನು ಆ ಕೊಳೆತದ್ದನ್ನು ಬೆಳಗ್ಗೆ ಕೈಯಿಂದ ಎತ್ತುವ ಪೌರಕಾರ್ಮಿಕರು ಯಾರು? ಬಹುಪಾಲು ನಮ್ಮವರೇ.

ಪರಿಸರದ ಹೆಸರಿನಲ್ಲಿ ‘ಮಾಂಸ ಬಿಡಿ’ ಎಂಬ ಉಪದೇಶ ನಮ್ಮ ಕಡೆಗೇ ಹೆಚ್ಚು ಬರುತ್ತದೆ. ದನದ ಹೊಟ್ಟೆಯಿಂದ ಮೀಥೇನ್ ಬರುವುದು ನಿಜ. ಆದರೆ ಹಾಲು, ತುಪ್ಪ, ಪನೀರು ಬರುವುದೂ ಅದೇ ದನದಿಂದ. ಉಪದೇಶಿಸುವವರು ಅದನ್ನು ಲೆಕ್ಕ ಹಿಡಿಯುವುದಿಲ್ಲ. ನೀರು ನಿಂತ ಭತ್ತದ ಗದ್ದೆಯೂ ಮೀಥೇನ್ ಬಿಡುತ್ತದೆ. ಭಿಕ್ಖುಗಳಿಗೆ ಮೀನು ಮಾಂಸ ನಿಷೇಧಿಸಬೇಕೆಂದು ದೇವದತ್ತ ಪಟ್ಟು ಹಿಡಿದಾಗ ಬುದ್ಧರು ಒಪ್ಪಲಿಲ್ಲ. ಕಡಿಮೆ ತಿನ್ನುವುದು ಬಿಡುವುದು ನಿಮ್ಮ ವಿವೇಕ. ಬೋಟಿ, ತಲೆಕಾಲು ಯಾವುದನ್ನೂ ಎಸೆಯದೆ, ಮಿಕ್ಕದ್ದನ್ನು ಒಣಗಿಸಿಡುತ್ತಿದ್ದ ನಮ್ಮ ಅಜ್ಜಿಯರ ಅಡುಗೆಯನ್ನು ನಾಚಿಕೆಯಿಂದ ಮರೆತದ್ದು ಮಾತ್ರ ನಮ್ಮದೇ ತಪ್ಪು.

ಮನೆಯಲ್ಲಿ ಮಾಡಬಹುದಾದದ್ದು ಕಷ್ಟದ್ದಲ್ಲ. ಒಲೆ ಹಚ್ಚುವ ಮೊದಲು ‘ರಾತ್ರಿ ಊಟಕ್ಕೆ ಯಾರ್‍ಯಾರು?’ ಎಂದು ಕೇಳಿ ಪಾವಿನಲ್ಲಿ ಅಳೆಯಿರಿ. ವಾರದಲ್ಲಿ ನಾಲ್ಕು ಹೊತ್ತು ಅನ್ನದ ಬದಲು ಮುದ್ದೆಯೋ ಜೋಳದ ರೊಟ್ಟಿಯೋ ಆಗಲಿ. ಮಳೆಯಲ್ಲೇ ಬೆಳೆಯುವ ಧಾನ್ಯ ಅವು. ಮಿಕ್ಕ ಅನ್ನ ಬೇಗ ಆರಿಸಿ ಫ್ರಿಜ್ಜಿಗಿಡಿ, ಬೆಳಗ್ಗೆ ಚಿತ್ರಾನ್ನವಾಗಲಿ. ತಟ್ಟೆಗೆ ಮೊದಲು ಸ್ವಲ್ಪ, ಬೇಕಾದರೆ ಮತ್ತೆ. ಗಂಡಸರೂ ಈ ಲೆಕ್ಕ ಕಲಿಯಬೇಕು. ಅಳೆದು ಬೇಯಿಸುವ ಜವಾಬ್ದಾರಿ ಹೆಂಗಸರ ಮೇಲೆ, ‘ಇವತ್ತು ಬೇಡ’ ಎನ್ನುವ ಹಕ್ಕು ನಮ್ಮದು ಎಂದರೆ ನಡೆಯದು.

ಬುದ್ಧ ಪೂರ್ಣಿಮೆಯ ಊಟಕ್ಕೆ ಬರುವವರು ದಯವಿಟ್ಟು ಎರಡು ದಿನ ಮೊದಲೇ ಗುಂಪಿನಲ್ಲಿ ಹೆಸರು ಹಾಕಿ. ಈ ಸಲ ಅಕ್ಕಿ ಅಳೆಯುವ ಕೆಲಸ ಆ ಅಜ್ಜಿಗೇ ಒಪ್ಪಿಸಿದ್ದೇವೆ.

ಜೈ ಭೀಮ್.